ಜಗಳಕ್ಕೆ ತೆಲುಗು, ಕಣ್ಣೀರಿಗೆ ಕನ್ನಡ!

* ಗಡಿ ಊರುಗಳಲ್ಲಿ ನಾಲಿಗೆ ಒಂದು, ಧಾಟಿ ಎರಡು * ಹಿಂದೂಪುರ-ಕಲ್ಯಾಣದುರ್ಗದ ಮಾತಿನ ಪಾಡು

ಹಿಂದೂಪುರ: ‘ನಾ ಮೊಗುಡು ಕೊಟ್ಟಾಡು ಸಾರ್...’

ಕಲ್ಯಾಣದುರ್ಗದ ಕಡೆಯಿಂದ ಗಡಿ ದಾಟಿ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳು ಕರ್ನಾಟಕದ ಯಾವುದೋ ಠಾಣೆಯ ಮೆಟ್ಟಿಲು ಹತ್ತಿ ಹೀಗೆಂದು ಅತ್ತರೆ, ತೆಲುಗು ಬಾರದ ಪೇದೆಯ ಕಿವಿಗೆ ಬೀಳುವುದು ‘ಕೊಟ್ಟ’ ಎಂಬ ಮಾತು. ‘ಏನಮ್ಮಾ ಕೊಟ್ಟ?’ ಅಂತ ಆತ ಕೇಳಿದರೆ ತಪ್ಪು ಆತನದ್ದಲ್ಲ. ಆಕೆ ಹೇಳುತ್ತಿರುವುದು ಗಂಡ ಹೊಡೆದ ಅಂತ! ತೆಲುಗಿನಲ್ಲಿ ‘ಕೊಟ್ಟು’ ಅಂದರೆ ಹೊಡೆ. ಕನ್ನಡದಲ್ಲಿ ‘ಕೊಟ್ಟು’ ಅಂದರೆ ನೀಡಿ. ಕೇಳಿದವರು ನಗಬಹುದು, ಅಳುವವಳಿಗೆ ನಗು ಬಾರದು.

ಅದೇ ಹೆಣ್ಣುಮಗಳು ಗಂಡನ ಮನೆಯಲ್ಲಿ ಹತ್ತು ವರ್ಷದಿಂದ ಕನ್ನಡವನ್ನೇ ಮಾತಾಡುತ್ತಿರುತ್ತಾಳೆ. ಸಂತೆಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಮಕ್ಕಳ ಶಾಲೆಯಲ್ಲಿ ‘ಹೊಡೆದ’ ಎಂಬ ಪದ ಆಕೆಗೆ ಬಾರದ್ದೇನಲ್ಲ. ಆದರೂ ಆ ಗಳಿಗೆಯಲ್ಲಿ ಅದು ಬಾಯಿಗೆ ಬರುವುದಿಲ್ಲ. ನೋವು ಅತಿಯಾದಾಗ ನಾಲಿಗೆ ತವರಿಗೆ ಓಡಿಬಿಡುತ್ತದೆ. ಗಡಿ ಭಾಗದ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ದಿನವೂ ಕಾಣುವ ಸಂಗತಿ.

ಆಂಧ್ರದಿಂದ ಆಂಧ್ರಕ್ಕೆ, ನಡುವೆ ಕರ್ನಾಟಕ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋಗುವ ದಾರಿ ಹಿಡಿದರೆ ಒಂದು ವಿಚಿತ್ರ ಕಾಣುತ್ತದೆ. ಹತ್ತುವುದು ಆಂಧ್ರದಲ್ಲಿ, ಇಳಿಯುವುದೂ ಆಂಧ್ರದಲ್ಲಿ, ನಡುವೆ ಮಾತ್ರ ಕರ್ನಾಟಕ! ತುಮಕೂರು ಜಿಲ್ಲೆಗೆ ಸೇರಿದ ಪಾವಗಡ ತಾಲ್ಲೂಕು ಆಂಧ್ರದ ಒಡಲೊಳಗೆ ಚಾಚಿಕೊಂಡಿದೆ. ತಮಾಷೆ ಅಂದರೆ, ಕರ್ನಾಟಕದ ಪಾವಗಡದ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಆಂಧ್ರದ ಮಡಕಶಿರಾ ಕಡೆ ಅಗಳಿ, ರೊಳ್ಳ, ಅಮರಾಪುರಂ ಸುತ್ತ ಕನ್ನಡ ಮನೆಮಾತು. 1956ರಲ್ಲಿ ರಾಜ್ಯಗಳ ಗಡಿ ಬರೆದವರು ಭಾಷೆಯನ್ನು ನೋಡಿಯೇ ಬರೆದರು ಅಂತಾರೆ. ಈ ಭಾಗದ ನಕ್ಷೆ ನೋಡಿದರೆ ಆ ಮಾತು ನಂಬುವುದು ಸ್ವಲ್ಪ ಕಷ್ಟ.

2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಜನರ ಮಾತು ಮಾತ್ರ ಹಾಗೇ ಇದೆ. ಹಿಂದೂಪುರದ ಹೆಸರಿನ ಹಿಂದೆಯೂ ಮತ್ತೊಂದು ಭಾಷೆ ಇದೆ. ಗುತ್ತಿಯನ್ನಾಳಿದ ಮರಾಠ ಸರದಾರ ಮುರಾರಿರಾವ್ ಘೋರ್ಪಡೆ ತನ್ನ ತಂದೆ ಹಿಂದೂರಾವ್ ಹೆಸರಿನಲ್ಲಿ ಕಟ್ಟಿಸಿದ ಊರು ಇದು ಎಂಬುದು ಪ್ರತೀತಿ. ಪಕ್ಕದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಅಮರಾಪುರಂ ಬಳಿಯ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿಯ ಕಲ್ಲುಗಳೂ ಕನ್ನಡವನ್ನೇ ಹೇಳುತ್ತವೆ. ಕಲ್ಲಿನ ಮೇಲಿನ ಅಕ್ಷರಕ್ಕೆ ಧಾಟಿ ಇರುವುದಿಲ್ಲ. ಧಾಟಿಯ ಸಮಸ್ಯೆ ಬಾಯಿ ತೆರೆದ ಮೇಲೆಯೇ.

‘ಅತ್ತೆ ಬಂತು’ ಅಂದರೆ ಜಗಳ!

ಕನ್ನಡ, ತೆಲುಗು ಅಕ್ಕತಂಗಿಯರು, ಲಿಪಿಯೂ ಹತ್ತಿರ, ಒಂದು ಬಂದರೆ ಇನ್ನೊಂದು ತಾನಾಗಿ ಬರುತ್ತದೆ ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಅರ್ಧ ನಿಜ. ಇನ್ನರ್ಧವೇ ತೊಂದರೆ ಕೊಡುವುದು. ತೀರಾ ಗೊತ್ತಿಲ್ಲದ ಭಾಷೆಯಾದರೆ ಎಚ್ಚರಿಕೆಯಿಂದ ಮಾತಾಡುತ್ತೇವೆ. ಗೊತ್ತಿರುವಂತೆ ಕಾಣುವ ಭಾಷೆಯಲ್ಲಿ ಎಚ್ಚರ ತಪ್ಪುತ್ತದೆ.

ಕನ್ನಡದ ಕಣ್ಣು ತೆಲುಗಿನಲ್ಲಿ ಕನ್ನು. ಮಣ್ಣು ಅಲ್ಲಿ ಮನ್ನು. ಹಾಗಾಗಿ ತೆಲುಗು ಮನೆಮಾತಿನವರ ಕನ್ನಡದಲ್ಲಿ ‘ಣ’ ಆಗಾಗ ಮೆತ್ತಗಾಗಿ ‘ನ’ ಆಗುತ್ತದೆ. ಕನ್ನಡದವರ ತೆಲುಗಿನಲ್ಲಿ ಸಿಕ್ಕಿಬೀಳುವುದು ‘ಚ’. ತೆಲುಗಿನಲ್ಲಿ ‘ಚ’ ಎರಡು ಬಗೆ. ‘ಚುಟ್ಟಂ’ (ನೆಂಟ), ‘ಚಾಪ’ ಎನ್ನುವಾಗ ನಾಲಿಗೆಯ ತುದಿ ಹಲ್ಲಿನ ಬುಡಕ್ಕೆ ತಾಗಿ ‘ತ್ಸ’ ಎಂಬಂತೆ ಕೇಳಿಸಬೇಕು. ಮರಾಠಿಯ ‘ಚಾಂಗಲಾ’ದಲ್ಲೂ ಇದೇ ‘ಚ’. ಮರಾಠಿ ಮನೆಗಳ ಮಕ್ಕಳಿಗೆ ಇದು ಸಲೀಸು, ಕನ್ನಡ ಮನೆಯ ಮಕ್ಕಳು ‘ಚಕ್ಕರೆ’ಯ ಚ ಹಾಕಿ ಸಿಕ್ಕಿಬೀಳುತ್ತಾರೆ.

ಇವೆಲ್ಲ ಬರೀ ಉಚ್ಚಾರಣೆ, ಹೋಗಲಿ ಅನ್ನಬಹುದು. ಆದರೆ ವ್ಯಾಕರಣವೇ ಮನೆ ಒಡೆಯುವ ಕೆಲಸ ಮಾಡುವುದೂ ಉಂಟು. ತೆಲುಗಿನಲ್ಲಿ ಹೆಂಗಸಿಗೂ ವಸ್ತುವಿಗೂ ಏಕವಚನದ ಕ್ರಿಯಾಪದ ಒಂದೇ. ‘ಅತ್ತಮ್ಮ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’ ಎರಡೂ ಸರಿ, ಎರಡರಲ್ಲೂ ಅಗೌರವ ಇಲ್ಲ. ಅದನ್ನೇ ಹೊಸ ಸೊಸೆ ಕನ್ನಡಕ್ಕೆ ತಂದು ‘ಅತ್ತೆ ಬಂತು’ ಎಂದಳೋ, ಮುಗೀತು! ‘ನಾನೇನು ಎಮ್ಮೆನಾ ಕರುನಾ, ಬಂತು ಅನ್ನೋಕೆ?’ ಅಂತ ಅತ್ತೆಯ ಮುಖ ಊದಿಕೊಳ್ಳುತ್ತದೆ. ಸೊಸೆಗೆ ತಪ್ಪೇನೆಂದು ತಿಳಿಯದೆ ಗಾಬರಿ. ಗಾಬರಿಯಾದಷ್ಟೂ ಮತ್ತೆ ಅದೇ ತಪ್ಪು. ಈ ಕಡೆಯಿಂದ ಆ ಕಡೆ ಹೋದ ಕನ್ನಡದ ಸೊಸೆಯರ ಕಥೆ ತಿರುವುಮುರುವು. ಎಲ್ಲರಿಗೂ ‘ವಚ್ಚಾರು’, ‘ಪೋಯಾರು’ ಎಂದು ಗೌರವ ಸುರಿದು, ನಾದಿನಿಯರ ನಗೆಗೆ ಗುರಿಯಾಗುತ್ತಾರೆ.

ಇನ್ನು ಒಂದೇ ಪದ, ಎರಡು ಅರ್ಥದ ಪಟ್ಟಿ ಬರೆಯಹೊರಟರೆ ಪುಟ ಸಾಲದು. ತೆಲುಗಿನ ‘ಮಾಟ’ ಅಂದರೆ ಮಾತು, ಕನ್ನಡದ ಮಾಟ ಅಂದರೆ ನಿಂಬೆಹಣ್ಣು, ಗೊಂಬೆ, ಅಮಾವಾಸ್ಯೆ! ‘ಒಕ ಮಾಟ ಚೆಪ್ಪಾಲಿ’ ಎಂದು ಪಕ್ಕದ ಮನೆಯಾಕೆ ಕದ ತಟ್ಟಿದರೆ ಹೊಸಬರು ಬೆಚ್ಚುವುದು ಸಹಜ. ‘ಅನ್ನಂ ಪೆಟ್ಟು’ ಅಂದರೆ ಅನ್ನ ಬಡಿಸು. ಕನ್ನಡದ ಪೆಟ್ಟು ಯಾರಿಗೂ ಬೇಡ.

‘ಅವಸರ’ವೂ ‘ಸುಸ್ತಿ’ಯೂ

ನಗು ನಿಲ್ಲುವ ಜಾಗ ಆಸ್ಪತ್ರೆ. ತೆಲುಗಿನಲ್ಲಿ ‘ಅವಸರಂ’ ಅಂದರೆ ಅಗತ್ಯ. ಕನ್ನಡದಲ್ಲಿ ಅವಸರ ಅಂದರೆ ಆತುರ. ‘ರಕ್ತಂ ಅವಸರಂ’ ಎಂದು ವೈದ್ಯರು ಹೇಳಿದರೆ ರಕ್ತ ಬೇಕಾಗುತ್ತದೆ ಎಂದಷ್ಟೇ ಅರ್ಥ. ಪಾವಗಡ, ಚಳ್ಳಕೆರೆ ಕಡೆಯ ಕನ್ನಡ ಕಿವಿಗೆ ಈಗಿಂದೀಗಲೇ ಜೀವಕ್ಕೆ ಬಂತು ಎಂಬಂತೆ ಕೇಳಿಸಿ, ಜೊತೆಗೆ ಬಂದವರ ಕೈಕಾಲು ಆಡುವುದಿಲ್ಲ. ‘ಸುಸ್ತು’ ಇನ್ನೂ ಕಿತಾಪತಿ ಪದ. ಕನ್ನಡದವರು ‘ಸುಸ್ತು’ ಎಂದರೆ ಆಯಾಸ. ತೆಲುಗಿನ ‘ಸುಸ್ತಿ’ ಅಂದರೆ ಕಾಯಿಲೆ. ಮರಾಠಿಯ ‘ಸುಸ್ತಿ’ ಸೋಮಾರಿತನಕ್ಕೆ ಹತ್ತಿರ. ಒಂದೇ ರೋಗಿ ಮೂರು ಕಡೆ ಒಂದೇ ಮಾತು ಹೇಳಿದರೆ ಒಬ್ಬರು ಮಲಗು ಅಂತಾರೆ, ಒಬ್ಬರು ಮಾತ್ರೆ ಬರೀತಾರೆ, ಇನ್ನೊಬ್ಬರು ಎದ್ದು ಕೆಲಸ ಮಾಡು ಅಂತಾರೆ!

ಕಾಲಿಗೆ ಜೋಮು ಹಿಡಿದಿದ್ದನ್ನು ತೆಲುಗಿನಲ್ಲಿ ‘ತಿಮ್ಮಿರಿ’ ಅನ್ನಬೇಕು, ಉರಿಯನ್ನು ‘ಮಂಟ’ ಅನ್ನಬೇಕು. ನೋವಿನಲ್ಲಿ ಬಗೆ ಎಷ್ಟಿವೆಯೋ ಪದವೂ ಅಷ್ಟಿವೆ. ಚುಚ್ಚುವುದು, ಸೆಳೆಯುವುದು, ಕಿವುಚಿದಂತಾಗುವುದು, ಎದೆ ಹಿಡಿದುಕೊಳ್ಳುವುದು... ಇವು ಶಾಲೆಯಲ್ಲಿ ಕಲಿಸುವ ಪದಗಳಲ್ಲ, ಅಮ್ಮನ ಮಡಿಲಲ್ಲಿ ಕಲಿತವು. ಎರಡನೇ ಭಾಷೆಯಲ್ಲಿ ಎಲ್ಲ ನೋವೂ ಬರೀ ‘ನೊಪ್ಪಿ’ ಆಗಿಬಿಡುತ್ತದೆ. ಎದೆನೋವಿನವನೂ ನೊಪ್ಪಿ ಅಂತಾನೆ, ಗ್ಯಾಸ್ ಆದವನೂ ನೊಪ್ಪಿ ಅಂತಾನೆ. ಅನುಭವಸ್ಥ ನರ್ಸುಗಳು ಇದಕ್ಕೇ ಮಾತಿಗಿಂತ ಬೆರಳನ್ನು ನಂಬುತ್ತಾರೆ. ‘ಎಲ್ಲಿ, ಮುಟ್ಟಿ ತೋರ್ಸಿ’ ಅಂತಾರೆ.

ಬೈಗುಳ ಯಾಕೆ ಚುರುಕ್ ಅನ್ನುತ್ತದೆ?

ಇದೆಲ್ಲ ಹಳ್ಳಿಗರ ಅನುಭವದ ಮಾತಾಯಿತು. ಪಂಡಿತರೂ ಇದರ ಹಿಂದೆ ಬಿದ್ದಿದ್ದಾರೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ತುರ್ಕಿ ಮನೆಮಾತಿನ, ಇಂಗ್ಲಿಷನ್ನು ಆಮೇಲೆ ಕಲಿತ ಜನರ ಬೆರಳಿಗೆ ಯಂತ್ರ ಕಟ್ಟಿ, ಚರ್ಮದಲ್ಲಿ ಏಳುವ ಸೂಕ್ಷ್ಮ ಬೆವರನ್ನು ಅಳೆದರು. ಮಕ್ಕಳಿಗೆ ದೊಡ್ಡವರು ಗದರುವ ಮಾತುಗಳನ್ನು, ಅಂದರೆ ‘ನಾಚಿಕೆ ಆಗಲ್ವಾ ನಿಂಗೆ’ ಎನ್ನುವಂಥವನ್ನು, ಎರಡೂ ಭಾಷೆಯಲ್ಲಿ ಕೇಳಿಸಿದರು. ಅರ್ಥ ಒಂದೇ. ಆದರೂ ತಾಯಿನುಡಿಯಲ್ಲಿ ಕೇಳಿದಾಗ ಚರ್ಮ ಹೆಚ್ಚು ಬೆವೆಯಿತು. ಬೈಗುಳ ತಾಗುವುದು ಅರ್ಥದಿಂದ ಮಾತ್ರವಲ್ಲ, ಅದನ್ನು ಮೊದಲು ಯಾರ ಬಾಯಲ್ಲಿ, ಯಾವ ವಯಸ್ಸಿನಲ್ಲಿ ಕೇಳಿದ್ದೇವೆ ಎಂಬುದರಿಂದ.

ಹಿಂದೂಪುರದ ತರಗತಿಯಲ್ಲಿ ಮೇಷ್ಟರು ಇಂಗ್ಲಿಷಿನಲ್ಲಿ ಗದರಿದರೆ ಹುಡುಗರು ಕಿಸಕ್ಕನೆ ನಗುವುದೂ, ‘ಸಿಗ್ಗು ಲೇದಾ ನೀಕು’ ಎಂದರೆ ತಲೆ ತಗ್ಗಿಸುವುದೂ ಇದಕ್ಕೇ ಇರಬೇಕು.

ಇದರ ಇನ್ನೊಂದು ಮುಖವೂ ಇದೆ. 2012ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಬೋಅಜ್ ಕೀಸರ್ ತಂಡ, ಜನ ಪರಭಾಷೆಯಲ್ಲಿ ಯೋಚಿಸುವಾಗ ನಷ್ಟದ ಭಯಕ್ಕೆ ಅಷ್ಟಾಗಿ ಬೀಳುವುದಿಲ್ಲ, ಲೆಕ್ಕ ತಣ್ಣಗೆ ಹಾಕುತ್ತಾರೆ ಎಂದು ತೋರಿಸಿತು. ಹಿಂದೂಪುರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ, ಹುಣಸೆಹಣ್ಣಿನ ಮಂಡಿಯಲ್ಲಿ ಎರಡು ನುಡಿಯ ವ್ಯಾಪಾರಿಗಳನ್ನು ಗಮನಿಸಿ ನೋಡಬೇಕು. ಚೌಕಾಸಿ ಎದುರಿನವನ ಭಾಷೆಯಲ್ಲಿ, ನಗುನಗುತ್ತಾ. ಮನಸ್ಸಿನೊಳಗಿನ ಗುಣಾಕಾರ ಮಾತ್ರ ಮಗ್ಗಿ ಕಲಿತ ಭಾಷೆಯಲ್ಲಿ, ತುಟಿ ಅಲುಗುವುದರಲ್ಲೇ ಗೊತ್ತಾಗುತ್ತದೆ. ವ್ಯಾಪಾರ ಮುರಿದರೆ ಬೈಯುವುದು ಮತ್ತೆ ಮನೆಯ ಭಾಷೆಯಲ್ಲಿ.

ಆದರೆ ಎದುರಿನವನ ಭಾಷೆಯಲ್ಲಿ ಮಾತಾಡಿದ ಮಾತ್ರಕ್ಕೆ ಎದುರಿನವ ನಂಬುತ್ತಾನೆಯೇ? ಅದೇ ಕೀಸರ್ ಮತ್ತು ಶಿರಿ ಲೆವ್-ಅರಿ 2010ರಲ್ಲಿ ಇದನ್ನೂ ಪರೀಕ್ಷಿಸಿದ್ದರು. ಒಂಟೆಗಿಂತ ಜಿರಾಫೆ ನೀರಿಲ್ಲದೆ ಹೆಚ್ಚು ದಿನ ಇರಬಲ್ಲದು ಎಂಬಂಥ ಸಾಧಾರಣ ಮಾತನ್ನೇ ಪರದೇಶಿ ಧಾಟಿಯಲ್ಲಿ ಹೇಳಿದಾಗ ಕೇಳುಗರು ಕಡಿಮೆ ನಂಬಿದರು. ದ್ವೇಷದಿಂದ ಅಲ್ಲ. ಅರ್ಥ ಮಾಡಿಕೊಳ್ಳಲು ಕಿವಿಗೆ ತ್ರಾಸಾದರೆ, ಆ ತ್ರಾಸನ್ನು ಮನಸ್ಸು ‘ಏನೋ ಸರಿಯಿಲ್ಲ’ ಎಂದು ಖಾತೆಗೆ ಬರೆದುಕೊಳ್ಳುತ್ತದೆ. ಗೂಡಿನ ತೇವ, ತೂಕ, ಜಮೀನಿನ ಚಕ್ಕುಬಂದಿ, ಕೋರ್ಟಿನ ಸಾಕ್ಷಿ ಎಲ್ಲದಕ್ಕೂ ಗಡಿಯಲ್ಲಿ ಇದು ಅನ್ವಯಿಸುತ್ತದೆ ಎಂದರೆ ವಿಷಯ ಎಷ್ಟು ದೂರ ಹೋಗುತ್ತದೆ ನೋಡಿ. ನಿಜ ಹೇಳುವವನೂ ಎಡವಿ ಎಡವಿ ಹೇಳಿದರೆ ಸುಳ್ಳುಗಾರನಂತೆ ಕಾಣುತ್ತಾನೆ.

ಸೀಮೆಯ ಯಾಸ, ಸಿನಿಮಾದ ಕತ್ತಿ

ಧಾಟಿಗೆ ತೆಲುಗಿನಲ್ಲಿ ‘ಯಾಸ’ ಅಂತಾರೆ. ಕಲ್ಯಾಣದುರ್ಗದ ಹುಡುಗ ಹೈದರಾಬಾದಿಗೆ ಹೋದರೆ ಅಲ್ಲಿಯೂ ಪರಕೀಯ. ಕೃಷ್ಣಾ, ಗುಂಟೂರು ಕಡೆಯವರು ‘ಎಕ್ಕಡಿಕಿ ವೆಳ್ತುನ್ನಾವು’ ಎನ್ನುವ ಜಾಗದಲ್ಲಿ ಇವನ ಬಾಯಿಗೆ ಬರುವುದು ‘ಯಾಡಿಕಿ ಪೋತಾಂಡಾವು’. ಅವರು ‘ಚಾಲಾ’ ಅಂದರೆ ಇವನು ‘ಶಾನಾ’. ತುಮಕೂರು, ಮಧುಗಿರಿ ಕಡೆಯ ‘ಶಾನೆ’ ಕೇಳಿದವರಿಗೆ ಇದು ನಮ್ಮದೇ ಪದ ಅನ್ನಿಸದೆ ಇರದು.

ಸೀಮೆಯ ಯಾಸಕ್ಕೆ ಕೋಪದ ಹಣೆಪಟ್ಟಿ ಹಚ್ಚಿದ್ದು ಸಿನಿಮಾ. 1999ರ ‘ಸಮರಸಿಂಹಾರೆಡ್ಡಿ’, 2001ರ ‘ನರಸಿಂಹನಾಯ್ಡು’ ಮುಂತಾದ ಫ್ಯಾಕ್ಷನ್ ಚಿತ್ರಗಳ ಭರಾಟೆಯಲ್ಲಿ ರಾಯಲಸೀಮೆಯ ಮಾತು ಅಂದರೆ ಕತ್ತಿ, ನಾಡಬಾಂಬು, ಎಗರುವ ಸುಮೋ ಎಂಬಂತಾಯಿತು. 2020ರಲ್ಲಿ ತೀರಿಕೊಂಡ ನಟ ಜಯಪ್ರಕಾಶ್ ರೆಡ್ಡಿ ಈ ಯಾಸದಿಂದಲೇ ಹೆಸರಾದವರು. ಆ ಎರಡು ಚಿತ್ರಗಳ ನಾಯಕ ಬಾಲಕೃಷ್ಣ 2014ರಿಂದ ಹಿಂದೂಪುರದ್ದೇ ಶಾಸಕ. ಚಿತ್ರ ನೋಡಿ ಶಿಳ್ಳೆ ಹೊಡೆದವರ ಮಕ್ಕಳು ಈಗ ಹಾಸ್ಟೆಲಿನಲ್ಲಿ ಬಾಯಿ ತೆರೆದರೆ ಸಾಕು, ‘ಏಮ್ ರಾ, ಫ್ಯಾಕ್ಷನಾ?’ ಎಂಬ ಗೇಲಿ ಕೇಳಬೇಕು. ಪ್ರೀತಿಯಿಂದ ಮಾತಾಡಿದರೂ ಜಗಳದಂತೆ ಕೇಳಿಸುವುದು ಎಂಥ ಸಂಕಟ!

ಮಡಕಶಿರಾದ ಕನ್ನಡಿಗನ ಪಾಡು ಇನ್ನೊಂದು ಬಗೆ. ಅನಂತಪುರಕ್ಕೆ ಹೋದರೆ ‘ಕನ್ನಡಂ ವಾಡು’. ಬೆಂಗಳೂರಿಗೆ ಹೋದರೆ ‘ತೆಲುಗಿನವರಾ?’ ಎಂಬ ಪ್ರಶ್ನೆ. ಕನ್ನಡದಲ್ಲೇ ಮಾತಾಡಿದ ಮೇಲೆ ಕೇಳುವ ಪ್ರಶ್ನೆ ಅದು! ಎರಡೂ ಕಡೆ ಪರರಾಗುವ ಈ ಬೇಸರಕ್ಕೆ ಯಾವ ಭಾಷೆಯಲ್ಲೂ ಸರಿಯಾದ ಪದ ಇದ್ದಂತಿಲ್ಲ.

ಇಂಗ್ಲಿಷಿಗಿಂತ ಸ್ಪ್ಯಾನಿಷ್ ಸುಲಭ!

ಹಿಂದೂಪುರದಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗ ಹುಡುಗಿಯರಿಗೆ ಮೂರನೆಯ ಸಂಕಟ ಇಂಗ್ಲಿಷ್. ಕಾಲ್ ಸೆಂಟರುಗಳ ಭರಾಟೆಯ ಕಾಲದಲ್ಲಿ ‘ಎಂಟಿಐ’ ಎಂಬ ಮೂರಕ್ಷರ ಎಷ್ಟೋ ಜನರ ಕೆಲಸ ಕಸಿಯಿತು. ಮದರ್ ಟಂಗ್ ಇನ್‌ಫ್ಲುಯೆನ್ಸ್ ಅಂತೆ, ಅಂದರೆ ತಾಯಿನುಡಿಯ ಸೋಂಕು! ಇಂಗ್ಲಿಷಿನಲ್ಲಿ ಒಂದು ಪದದ ಒಂದು ಭಾಗಕ್ಕೆ ಒತ್ತು ಕೊಟ್ಟು ಉಳಿದದ್ದನ್ನು ನುಂಗುತ್ತಾರೆ. ನಮ್ಮ ಕನ್ನಡ, ತೆಲುಗಿನಲ್ಲಿ ಪ್ರತಿ ಅಕ್ಷರಕ್ಕೂ ಪಾಲು ಸಿಗಬೇಕು, ಕೊನೆಗೊಂದು ‘ಉ’ ಸೇರಿಸಿ ಬಸ್ಸು, ಕಾರು, ರೋಡ್ಡು ಅಂದರೇ ಸಮಾಧಾನ. ಸಂದರ್ಶನದ ಕುರ್ಚಿಯಲ್ಲಿ ಬೆವರಿದಷ್ಟೂ ಆ ‘ಉ’ ಉದ್ದವಾಗುತ್ತದೆ.

ಹೆದರಿಕೆಗೂ ಉಚ್ಚಾರಣೆಗೂ ನಂಟಿದೆ ಎಂಬುದಕ್ಕೆ ಹಳೆಯ ಪುರಾವೆಯೊಂದಿದೆ. 1972ರಲ್ಲಿ ಅಲೆಕ್ಸಾಂಡರ್ ಗಿಯೋರಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಜನರಿಗೆ ಸ್ವಲ್ಪವೇ ಸ್ವಲ್ಪ ಮದ್ಯ ಕೊಟ್ಟು ಪರಭಾಷೆಯ ಪದ ಹೇಳಿಸಿದರು. ಅಲ್ಪ ಪ್ರಮಾಣದಲ್ಲಿ ಕುಡಿದವರ ಉಚ್ಚಾರಣೆ ಸುಧಾರಿಸಿತು, ಹೆಚ್ಚಾದರೆ ಕೆಟ್ಟಿತು. ಬಿಗಿದುಕೊಂಡ ಮನಸ್ಸು ಸಡಿಲವಾದರೆ ನಾಲಿಗೆಯೂ ಸಡಿಲ. (ಸಂದರ್ಶನಕ್ಕೆ ಹೋಗುವವರು ಇದನ್ನು ಪಾಲಿಸಬೇಕಿಲ್ಲ!)

ಅನಂತಪುರ ಸೀಮೆಯಲ್ಲಿ ಮಾತ್ರ ಕಾಣುವ ಇನ್ನೊಂದು ಸಂಗತಿ ಸ್ಪ್ಯಾನಿಷ್. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂಟೆ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ (ಆರ್‌ಡಿಟಿ) ಕಟ್ಟಿದರು, 2009ರಲ್ಲಿ ಇಲ್ಲೇ ತೀರಿಕೊಂಡರು. ಕಲ್ಯಾಣದುರ್ಗದ ಆರ್‌ಡಿಟಿ ಆಸ್ಪತ್ರೆ ಈ ಭಾಗದ ಬಡವರಿಗೆಲ್ಲ ಗೊತ್ತು. ಸ್ಪೇನಿನಿಂದ ಬರುವ ದಾನಿಗಳಿಗೂ ಹಳ್ಳಿಯ ಕುಟುಂಬಗಳಿಗೂ ನಡುವೆ ನಿಂತು ಮಾತು ದಾಟಿಸುವ ದುಭಾಷಿಗಳು ಇಲ್ಲಿಯ ಯುವಕ ಯುವತಿಯರೇ. ಸಂಸ್ಥೆ ಅನಂತಪುರದಲ್ಲಿ ವಿದೇಶಿ ಭಾಷೆಗಳ ಶಾಲೆಯನ್ನೂ ನಡೆಸಿದೆ.

ಇಂಗ್ಲಿಷಿಗೆ ತಡವರಿಸುವ ನಾಲಿಗೆಗೆ ಸ್ಪ್ಯಾನಿಷ್ ಅಷ್ಟು ಕಷ್ಟವಲ್ಲ. ಕಾರಣ ಸರಳ. ಸ್ಪ್ಯಾನಿಷಿನ ತ, ದ ನಮ್ಮ ತ, ದದಂತೆ ಹಲ್ಲಿಗೆ ತಾಗುತ್ತವೆ. ಅ, ಎ, ಇ, ಒ, ಉ ಐದೇ ಸ್ವರ, ಬರೆದಂತೆ ಓದು. ಅವರ ಗಟ್ಟಿ ‘ರ್ರ’ ಬಿಳಿಯರಿಗೇ ತೊಡಕು. ‘ಎರ್ರ’ (ಕೆಂಪು) ಎನ್ನುವ ತೆಲುಗು ಬಾಯಿಗೆ ಅದು ನೀರು ಕುಡಿದಷ್ಟು ಸುಲಭ. ಆದರೆ ಧ್ವನಿ ಸುಲಭವಾದ ಮಾತ್ರಕ್ಕೆ ದುಭಾಷಿಯ ಕೆಲಸ ಸುಲಭವಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಮಾತನ್ನು ಮೂರನೆಯ ಭಾಷೆಯಲ್ಲಿ, ಅಳದೆ, ಬಿಡದೆ ಹೇಳಬೇಕು. ಅಳುವುದು ತೆಲುಗಿನಲ್ಲಿ ಕೇಳುವಾಗ, ಹೇಳುವುದು ಸ್ಪ್ಯಾನಿಷಿನಲ್ಲಿ. ಪರಭಾಷೆಯ ತಣ್ಣನೆಯ ಗುಣ ಅಲ್ಲಿ ಆಸರೆಗೆ ಬರುತ್ತದೆಯೋ ಏನೋ.

ಹಾಡಿದರೆ ಧಾಟಿ ಮಾಯ

ಕಲ್ಯಾಣದುರ್ಗ ಸೀಮೆಯ ಕಂಬದೂರು ಬಳಿಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರನ್ನು ಈ ಭಾಗದವರೇ ಮರೆತಂತಿದೆ. ಮೈಸೂರಿಗೆ ಹೋಗಿ ಸಂಸ್ಕೃತ ಕಲಿತು, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತು, ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದವರು. ತೆಲುಗಿನಲ್ಲಿ ವೇಮನನ ಬಗ್ಗೆ ಬರೆದರು, ಕನ್ನಡದಲ್ಲಿ ‘ಗಾನಕಲೆ’ ಬರೆದರು. ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದರು. 1979ರಲ್ಲಿ ತೀರಿಕೊಂಡರು. ಎರಡು ಭಾಷೆಗೂ ಮನೆಮಗನಾಗಿ ಬಾಳಿದ ಇಂಥವರು ನಮ್ಮ ಗಡಿಯಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. ಧಾರವಾಡದ ಬೇಂದ್ರೆ ಅವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು ಎಂಬುದನ್ನು ನೆನೆದರೆ, ಕನ್ನಡ ಅಂದರೆ ಕನ್ನಡ ಮನೆಯಲ್ಲಿ ಹುಟ್ಟಿದವರದ್ದು ಮಾತ್ರ ಎನ್ನುವವರು ಸುಮ್ಮನಾಗಬೇಕು.

ಸಂಗೀತದ ಮಾತು ಬಂದಿದ್ದಕ್ಕೆ ಇನ್ನೊಂದು. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ಕಂಠ ಕೊಟ್ಟ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ ಗುಂಟೂರು ಸೀಮೆಯವರು. ನೆಲ್ಲೂರು ಕಡೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡಿಗರು ಪ್ರೀತಿ ಮಾಡಿದ್ದು, ಅತ್ತಿದ್ದು, ಮಕ್ಕಳನ್ನು ಮಲಗಿಸಿದ್ದು ಎಲ್ಲ ಈ ತೆಲುಗು ಗಂಟಲುಗಳ ಕನ್ನಡದಲ್ಲಿ! ಹಾಡುವಾಗ ಮಾತ್ರೆ, ಏರಿಳಿತ ಎಲ್ಲ ರಾಗವೇ ಹೇಳಿಕೊಡುತ್ತದೆ. ಹಾಡುಗಾರ ತನ್ನ ಊರಿನ ಎಳೆತ ತರಲು ಜಾಗವೇ ಇರುವುದಿಲ್ಲ. ಮಾತಿನಲ್ಲಿ ಹಾಗಲ್ಲ, ಅಲ್ಲಿ ರಾಗ ನಮ್ಮದೇ.

ಫೋನ್ ಬಂದರೆ ಬದಲಾಗುವ ದನಿ

ಮತ್ತೆ ಆ ಸೊಸೆಯ ಮನೆಗೇ ಬರೋಣ. ಅತ್ತೆಯನ್ನು ‘ಬಂದ್ರು’ ಅನ್ನುವುದನ್ನು ಆಕೆ ಎಂದೋ ಕಲಿತಿರುತ್ತಾಳೆ. ಅಡುಗೆಮನೆಯಲ್ಲಿ ಎಲ್ಲ ಕನ್ನಡವೇ. ಮೊಬೈಲ್ ರಿಂಗಾದಾಗ ಆ ಕಡೆಯಿಂದ ತಾಯಿಯ ಮಾತು ಕೇಳಿತೆಂದರೆ ಈಕೆಯ ದನಿಯೇ ಬೇರೆ. ಎತ್ತರ ಏರುತ್ತದೆ, ಮಾತು ಓಡುತ್ತದೆ, ‘ಏಂ ಚೇಸ್ತಾಂಡಾವು ಮ್ಮಾ’ ಎನ್ನುವಾಗ ಹದಿನೆಂಟರ ಹುಡುಗಿ. ಆಸುಪಾಸಿನವರು ಜಗಳ ಆಡ್ತಿದ್ದಾಳೇನೋ ಅಂದುಕೊಳ್ಳುತ್ತಾರೆ. ನಗುತ್ತಿರುತ್ತಾಳೆ.

ಪಕ್ಕದಲ್ಲೇ ಆಡುವ ಮಗುವಿಗೆ ಎರಡೂ ಭಾಷೆ ಬರುತ್ತದೆ. ಬಿದ್ದು ಮೊಣಕಾಲು ತರಚಿದರೆ ಅದು ಕೂಗುವುದು ಕನ್ನಡದಲ್ಲಿ. ಎತ್ತಿಕೊಂಡು ಅಮ್ಮ ಸಮಾಧಾನ ಮಾಡುವುದು ತೆಲುಗಿನಲ್ಲಿ. ಅತ್ತೆ ಬಂದು ‘ಏನಾಯ್ತೇ ಮಗೂಗೆ?’ ಎಂದರೆ ಸೊಸೆ ಉತ್ತರ ಕೊಡುವ ಮುಂಚೆ ಒಂದು ಗಳಿಗೆ ತಡೆಯುತ್ತಾಳೆ.